ನಮ್ಮದು ಆಲ್ಟೊ ಮನೆ

ನಮ್ಮ ಕ್ರೈಸ್ತ ಸಭೆಯಲ್ಲಿ ಯಾರು ಎಲ್ಲಿ ಕೂರಬೇಕೆಂದು ಯಾರೂ ಬರೆದಿಟ್ಟಿಲ್ಲ. ಆದರೂ ಭಾನುವಾರ ಬೆಳಿಗ್ಗೆ ದೇವಾಲಯಕ್ಕೆ ಬಂದ ಹಳಬರು ಸೀದಾ ತಮ್ಮ ಸ್ವರದ ಬೆಂಚಿಗೆ ಹೋಗುತ್ತಾರೆ. ಎಡಗಡೆ ಮುಂದೆ ಸೊಪ್ರಾನೊ, ಅವರ ಹಿಂದೆ ಆಲ್ಟೊ, ಬಲಗಡೆ ಗಂಡಸರ ಟೆನರ್, ಕೊನೆಗೆ ಬಾಗಿಲ ಹತ್ತಿರ ದಪ್ಪ ಸ್ವರದ ಬೇಸ್. ಬೇಸಿನವರು ಬಾಗಿಲ ಹತ್ತಿರ ಯಾಕೆಂದರೆ, ಪಾದ್ರಿ ಅಯ್ಯನವರ ಪ್ರಸಂಗ ಉದ್ದವಾದರೆ ಹೊರಗೆ ಹೋಗಿ ಎಲೆ ಅಡಿಕೆ ಹಾಕಿ ಬರಲು ಅನುಕೂಲ ಎಂದು ಅಮ್ಮ ಹೇಳುತ್ತಾರೆ. ನನ್ನ ಅಪ್ಪ ಬೇಸ್ ಆಗಿದ್ದರು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕನ್ನಡ ಗೀತೆಗಳನ್ನು ನಾಲ್ಕು ಸ್ವರದಲ್ಲಿ ಹಾಡುವುದು ನಮ್ಮಲ್ಲಿ ಮಿಶನಿನ ಕಾಲದಿಂದ ಬಂದ ಕ್ರಮ. ರಾಗ ಇರುವುದು ಸೊಪ್ರಾನೊದವರ ಬಾಯಲ್ಲಿ. ಜನ ಹೊರಗೆ ಹೋಗುವಾಗ ಗುನುಗಿಕೊಂಡು ಹೋಗುವುದು ಅದನ್ನೇ. ಆಲ್ಟೊ ಎಂದರೆ ಅದರ ಕೆಳಗೆ, ಹೆಚ್ಚು ಏರದೆ, ಹೆಚ್ಚು ಇಳಿಯದೆ, ಎರಡು ಮೂರು ಸ್ವರಗಳ ನಡುವೆ ಓಡಾಡಿಕೊಂಡು ಇರುವುದು. ಅದೊಂದನ್ನೇ ಬೇರೆ ಮಾಡಿ ಕೇಳಿದರೆ, ಯಾರೋ ಸೊಪ್ಪು ಸೋಸುತ್ತಾ ತಮ್ಮಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿರುವ ಹಾಗೆ ಇರುತ್ತದೆ. ನಾಲ್ಕೂ ಸೇರಿದಾಗ ಮಾತ್ರ ಅದರ ಬೆಲೆ ಗೊತ್ತಾಗುವುದು.

ನಮ್ಮದು ಆಲ್ಟೊ ಮನೆ. ಅಮ್ಮ, ಅಮ್ಮನ ಅಮ್ಮ, ಅವರ ಚಿಕ್ಕಮ್ಮ, ಎಲ್ಲರೂ ಅದೇ ಬೆಂಚಿನವರು. ಗೀತೆ ಪುಸ್ತಕದ ಅರ್ಧಕ್ಕಿಂತ ಹೆಚ್ಚು ಅಮ್ಮನಿಗೆ ಬಾಯಿಪಾಠ, ಎಲ್ಲವೂ ಆಲ್ಟೊ. ಪಾತ್ರೆ ತೊಳೆಯುವಾಗಲೂ ಆಲ್ಟೊ, ಬಂಗುಡೆ ಕೊಯ್ಯುವಾಗಲೂ ಆಲ್ಟೊ. ಹಿಂದೆ ಹೆಣ್ಣು ನೋಡಲು ಬಂದವರು, ಹುಡುಗಿ ಎಷ್ಟು ಕಲಿತಿದ್ದಾಳೆ ಎನ್ನುವ ಮೊದಲು ಯಾವ ಬೆಂಚು ಎಂದು ಕೇಳುತ್ತಿದ್ದರಂತೆ. ಆಲ್ಟೊದವರು ಹೊಂದಿಕೊಂಡು ಹೋಗುವವರು ಎಂದು ಸಭೆಯಲ್ಲಿ ಹೆಸರಿತ್ತು. ಅದನ್ನು ನಂಬಿ ಮದುವೆಯಾದ ಅಪ್ಪನಿಗೆ ನಿಜ ವಿಷಯ ಆಮೇಲೆ ತಿಳಿಯಿತು.

ಈ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಇದನ್ನು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರು ಹೇಳಲಿ ಎಂದು ಕಾದರೆ ಆಗುವ ಕೆಲಸವಲ್ಲ. ಅಪ್ಪನ ಹೆಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಮನೆ ನಡೆದದ್ದು ಅಮ್ಮನ ಬೀಡಿಯಿಂದ. ನಾನೂ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಿದವಳೇ. ಎದುರಿಗೆ ಪುಸ್ತಕ ತೆರೆದು ಕಲ್ಲು ಹೇರಿಟ್ಟು, ಹಳಗನ್ನಡ ಪದ್ಯ ಉರು ಹೊಡೆಯುತ್ತಾ ಎಲೆ ಸುತ್ತಿದವಳು. ಹಾಗೆ ಓದಿ ಬಿ.ಎ. ಮಾಡಿ, ಆಮೇಲೆ ಬಿ.ಎಡ್. ಮಾಡಿ, ಕನ್ನಡ ಟೀಚರ್ ಆದೆ. ಡಿಗ್ರಿ ಕೈಗೆ ಬಂದ ದಿನ ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸೀರೆಯ ಸೆರಗಿನಿಂದ ಒರೆಸಿ, ಕೇಳಿದ್ದು ಒಂದೇ ಮಾತು.

"ಇನ್ನಾದ್ರೂ ಸ್ವರ ಬರ್ತದಾ ಮಗಾ?"

ಬರಲಿಲ್ಲ. ನಾನು ಹಾಡಿದರೆ ಆಲ್ಟೊ ಬೆಂಚು ಮಾತ್ರವಲ್ಲ, ಬೇಸಿನವರೂ ತಿರುಗಿ ನೋಡುತ್ತಾರೆ. ಅಮ್ಮನಿಗೆ ಇರುವುದು ನಾನೊಬ್ಬಳೇ. ಅಲ್ಲಿಗೆ ಮನೆಯ ಸ್ವರ ನಿಂತಿತು.

ಈಚೆಗೆ ಅಮ್ಮನ ಗಂಟಲೂ ಒಡೆಯತೊಡಗಿತು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಹೋಗಿ ಆಲ್ಟೊ ಬೆಂಚಿನಲ್ಲಿ ಅಮ್ಮ ಒಬ್ಬರೇ ಉಳಿದರು. ಹೊಸ ಮಕ್ಕಳು ಗಿಟಾರ್ ಹಿಡಿದು ಮುಂದೆ ನಿಂತಿದ್ದಾರೆ, ಗೋಡೆಯ ಮೇಲೆ ಹಾಡಿನ ಪದಗಳು ದೊಡ್ಡದಾಗಿ ಮೂಡುತ್ತವೆ. ಎಲ್ಲರೂ ರಾಗವನ್ನೇ ಹಾಡುತ್ತಾರೆ. "ಪದ ಗೋಡೆಯಲ್ಲಿ ಬರ್ತದೆ, ಸ್ವರ ಎಲ್ಲಿಂದ ಬರಬೇಕು?" ಎಂದು ಅಮ್ಮ ಅಯ್ಯನವರನ್ನೇ ಕೇಳಿದರು. ಅಯ್ಯನವರು ನಕ್ಕು, ಪ್ರಾರ್ಥನೆ ಮಾಡುವ ಎಂದರು. ಅಮ್ಮನಿಗೆ ಬೇಕಾಗಿದ್ದದ್ದು ಪ್ರಾರ್ಥನೆ ಅಲ್ಲ, ಒಂದು ಕಿವಿ. ಗಂಟಲು ಪೂರ್ತಿ ಹೋಗುವ ಮೊದಲು ಆಲ್ಟೊವನ್ನು ಒಳಗೆ ಇಳಿಸಲು ಯಾರದ್ದಾದರೂ ಒಂದು ಎಳೆಯ ಕಿವಿ.

ಅದೇ ಹೊತ್ತಿಗೆ ನಾನು ಹೊಸ ಶಾಲೆಗೆ ಸೇರಿದ್ದೆ. ಕೊಟ್ಟಾರದಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಒಂದು ಹಳೆಯ ಹೆಂಚಿನ ಮನೆಯಲ್ಲಿ ನಡೆಯುವ ಸಣ್ಣ ಕ್ರಿಶ್ಚಿಯನ್ ಶಾಲೆ. ಪ್ರಿನ್ಸಿಪಾಲ್ ನಮಗಿಂತ ಚಿಕ್ಕ ಪ್ರಾಯದವರು, ಊರಿನವರೇ, ಆದರೆ ಬೇರೆ ಸಭೆಯವರು. ಹೊರಗೆಲ್ಲೋ ಓದಿ, ಹಳೆಯ ಕಾಲದ ಕ್ರಿಶ್ಚಿಯನ್ ಶಿಕ್ಷಣವನ್ನು ಮತ್ತೆ ತರಬೇಕೆಂದು ಹಟ ಹಿಡಿದು ಬಂದವರು. ಅಲ್ಲಿ ಲ್ಯಾಟಿನ್ ಉಂಟು, ತರ್ಕ ಉಂಟು, ಭಾಷಣಕಲೆ ಉಂಟು, ಎಲ್ಲವೂ ಬಾಯಿಪಾಠ. ಸಣ್ಣ ಮಕ್ಕಳು ಬೆಳಿಗ್ಗೆ ಲ್ಯಾಟಿನ್ ಕ್ರಿಯಾಪದಗಳನ್ನು ಕೂಗಿ ಕೂಗಿ, ಪಕ್ಕದ ರಿಕ್ಷಾ ಸ್ಟ್ಯಾಂಡಿನವರಿಗೂ ಅದು ಬರುತ್ತಿತ್ತು. ಒಮ್ಮೆ ರಿಕ್ಷಾದವನೊಬ್ಬ ನನಗೆ ಬಾಡಿಗೆಯ ಚಿಲ್ಲರೆ ಕೊಡುತ್ತಾ ಮೂರು ಪದ ಸರಿಯಾಗಿ ಒಪ್ಪಿಸಿ, "ಇದರ ಅರ್ಥ ಎಂತ ಟೀಚರ್?" ಎಂದ. ಪ್ರೀತಿಸುತ್ತೇನೆ, ಪ್ರೀತಿಸುತ್ತೀ, ಪ್ರೀತಿಸುತ್ತಾನೆ ಎಂದೆ. "ಅಯ್ಯೋ, ಅದಕ್ಕೆ ಇಷ್ಟು ಬೊಬ್ಬೆಯಾ?" ಎಂದು ರಿಕ್ಷಾ ತಿರುಗಿಸಿದ.

ತರ್ಕದ ಪಾಠ ಮನೆಮನೆಗೆ ಹೋಗಿ ಬೇರೆಯೇ ತೊಂದರೆ ಮಾಡುತ್ತಿತ್ತು. ಊಟ ಮಾಡದಿದ್ದರೆ ಗುಮ್ಮ ಬರುತ್ತದೆ ಎಂದ ಅಜ್ಜನಿಗೆ ಒಬ್ಬ, "ಅದು ಬರುವುದಕ್ಕೂ ಊಟಕ್ಕೂ ಸಂಬಂಧ ತೋರಿಸಿ" ಎಂದನಂತೆ. ಅಜ್ಜ ಶಾಲೆಗೆ ಬಂದು ಸಂಬಂಧ ಕೇಳಿದರು, ಆದರೆ ಪ್ರಿನ್ಸಿಪಾಲರ ಹತ್ತಿರ.

ಆದರೂ ನನಗೆ ಆ ಶಾಲೆ ಹಿಡಿಸಿತು. ಉರು ಹೊಡೆದು ಮೇಲೆ ಬಂದವಳು ನಾನು. ಬಾಯಿಪಾಠವನ್ನು ತಮಾಷೆ ಮಾಡುವವರ ಮನೆಯಲ್ಲಿ ಪುಸ್ತಕ ಇರುತ್ತದೆ. ನಮ್ಮ ಮನೆಯಲ್ಲಿ ಇರಲಿಲ್ಲ, ತಲೆಯಲ್ಲಿ ಇಟ್ಟುಕೊಂಡದ್ದೇ ಗಟ್ಟಿ.

ವರ್ಷಕ್ಕೊಮ್ಮೆ ಅಲ್ಲಿ ಒಪ್ಪಿಸುವ ಸಂಜೆ ಎಂದು ಮಾಡುತ್ತಾರೆ. ಮಕ್ಕಳು ಕಲಿತದ್ದನ್ನು ತಂದೆತಾಯಿಗಳ ಮುಂದೆ ಪುಸ್ತಕ ನೋಡದೆ ಒಪ್ಪಿಸಬೇಕು. ಅದರ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ತಲೆಗೆ ಕೈ ಹೊತ್ತು ಕೂತಿದ್ದರು.

"ಲ್ಯಾಟಿನ್ ಹಾಡು ಉಂಟು, ಇಂಗ್ಲಿಷ್ ಭಾಷಣ ಉಂಟು. ಪರಂಪರೆ ಪರಂಪರೆ ಅಂತ ನಾನೇ ಹೇಳ್ತೇನೆ. ನಮ್ಮ ಊರಿನ ಪರಂಪರೆ ಎಂತ ಉಂಟು ಟೀಚರ್ ಇದರಲ್ಲಿ?"

"ನಮ್ಮ ಅಮ್ಮ ಇದ್ದಾರೆ ಸರ್," ಎಂದೆ.

ಅಮ್ಮ ಇಸ್ತ್ರಿ ಹಾಕಿದ ಸೀರೆ ಉಟ್ಟು ಬಂದರು. ಅಮ್ಮನದ್ದು ಅವರ ಚಿಕ್ಕಜ್ಜಿ ಬೆಂಚಿನಲ್ಲಿ ಕಲಿಸಿದ ಕ್ರಮ. ಮಗುವಿನ ಎದುರು ನಿಂತು ಹಾಡುವುದಲ್ಲ, ಹಿಂದೆ ನಿಲ್ಲುವುದು. ಒಂದು ಅಂಗೈಯಿಂದ ಅದರ ಎಡಗಿವಿ ಮುಚ್ಚಿ, ಬಲಗಿವಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಹಾಡುವುದು. ತಪ್ಪಿದರೆ ಬಯ್ಯುವುದಿಲ್ಲ, ಮುಚ್ಚಿದ ಕಿವಿಯನ್ನು ಸ್ವಲ್ಪ ಒತ್ತುತ್ತಾರೆ. ಮಕ್ಕಳಿಗೆ ಕಚಗುಳಿ. ಮೊದಲ ದಿನ ಹಾಡಿದ್ದಕ್ಕಿಂತ ನಕ್ಕದ್ದೇ ಹೆಚ್ಚು. ನಕ್ಕವರಿಗೆ ಅಮ್ಮ, "ನಗು, ನಗು, ಆದ್ರೆ ಸ್ವರದಲ್ಲಿ ನಗು" ಎನ್ನುತ್ತಿದ್ದರು.

ಆಯ್ದುಕೊಂಡದ್ದು ಸುಗ್ಗಿಯ ಸ್ತೋತ್ರದ ಒಂದು ಹಳೆಯ ಗೀತೆ. ಕೆಲವು ವಾರಗಳಲ್ಲಿ ಇಡೀ ಕ್ಲಾಸು ಒಂದೇ ಉಸಿರಿನಲ್ಲಿ ಹಾಡತೊಡಗಿತು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಕೇಳಿ, ನನ್ನನ್ನು ಆಚೆ ಕರೆದರು.

"ಟೀಚರ್, ಇದು ಸಾಧಾರಣ ರಾಗ ಅಲ್ಲ. ಏರುವುದಿಲ್ಲ, ಇಳಿಯುವುದಿಲ್ಲ, ಎಷ್ಟು ಗಂಭೀರ ಉಂಟು ನೋಡಿ. ಹಳೆಯ ಕ್ರೈಸ್ತ ಮಠಗಳಲ್ಲಿ ಸನ್ಯಾಸಿಗಳು ಹೀಗೇ ಹಾಡ್ತಿದ್ದದ್ದು. ಎಲ್ಲಿಂದ ಎಲ್ಲಿಗೆ ಬಂದು ಉಳಿದಿದೆ!"

ಪೇರೆಂಟ್ಸ್ ಮೀಟಿಂಗಿನಲ್ಲೂ ಅವರು ಇದನ್ನು ಹೇಳಿದರು. ಸಾವಿರ ವರ್ಷದ ಹಿಂದಿನ ಧ್ವನಿ ಕೊಟ್ಟಾರದಲ್ಲಿ ಕೇಳುತ್ತದೆ ಎಂದರು. ತಂದೆತಾಯಿಗಳು ತಲೆದೂಗಿದರು. ನಾನೂ ತಲೆದೂಗಿದೆ, ಡಿಗ್ರಿ ಇದ್ದವಳು. ಹುಟ್ಟಿದಾಗಿನಿಂದ ಅಡುಗೆಮನೆಯಲ್ಲಿ ಆ ಗೀತೆಯನ್ನು ನಾನು ಹಾಗೆಯೇ ಕೇಳಿದ್ದು. ಇಲ್ಲದ್ದನ್ನು ನನ್ನ ಕಿವಿಯೇ ತುಂಬಿಕೊಳ್ಳುತ್ತಿತ್ತು. ಏನೋ ಕಡಿಮೆಯಾಗಿದೆ ಎಂದು ಅನಿಸಲೇ ಇಲ್ಲ.

ಒಪ್ಪಿಸುವ ಸಂಜೆ ಹತ್ತಿರ ಬಂದಾಗ ಕೀಬೋರ್ಡ್ ನುಡಿಸಲು ಜನ ಬೇಕಾಯಿತು. ಬಲ್ಮಠದಲ್ಲಿ ನಮ್ಮ ಸಭೆಯವರೇ ಒಬ್ಬರು ರಿಟೈರ್ಡ್ ಟೀಚರ್ ಇದ್ದಾರೆ, ಸೊಪ್ರಾನೊ ಬೆಂಚಿನ ಮೊದಲಿಗರು. ಅಮ್ಮನಿಗೂ ಅವರಿಗೂ ಜಗಳವಿಲ್ಲ, ಸ್ನೇಹವೂ ಇಲ್ಲ. ಪ್ರತಿ ಚರಣದ ಕೊನೆಯ ಸ್ವರವನ್ನು ಅವರು ಎಲ್ಲರೂ ನಿಲ್ಲಿಸಿದ ಮೇಲೂ ಎಳೆಯುತ್ತಾರೆ. "ಬಸ್ಸು ಹೋದ ಮೇಲೂ ಕೈ ಬೀಸುವವರ ಹಾಗೆ" ಎಂದು ಅಮ್ಮ ಎಷ್ಟೋ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ, ಅವರಿಗೆ ಕೇಳದಷ್ಟು ಮೆಲ್ಲಗೆ.

ಟೀಚರ್ ಬಂದು ಕೂತರು. ಮಕ್ಕಳು ಹಾಡಲು ಶುರು ಮಾಡಿದರು. ಎರಡು ಸಾಲಿಗೆ ಟೀಚರ್ ಕೀಬೋರ್ಡಿನಿಂದ ಕೈ ತೆಗೆದರು. ಕನ್ನಡಕ ತೆಗೆದರು. ಆಮೇಲೆ ಮುಖಕ್ಕೆ ಕರ್ಚೀಫು ಇಟ್ಟುಕೊಂಡು ಹೊಟ್ಟೆ ಹಿಡಿದು ನಗತೊಡಗಿದರು.

"ಅಕ್ಕಾ! ಇದೆಲ್ಲ ಆಲ್ಟೊ! ರಾಗ ಎಲ್ಲಿ?"

ಅಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ರಾಗ ನಿಮ್ಮದಲ್ವಾ ಟೀಚರೇ? ನೀವು ಬರುವಾಗ ತರ್ತೀರಿ ಅಂತ ಇದ್ದೆ."

ಪ್ರಿನ್ಸಿಪಾಲರು ನನ್ನನ್ನು ನೋಡಿದರು. ನಾನು ಹೆಂಚು ನೋಡಿದೆ. ಸನ್ಯಾಸಿಗಳ ವಿಷಯ ಆಮೇಲೆ ಆ ಶಾಲೆಯಲ್ಲಿ ಯಾರೂ ಎತ್ತಲಿಲ್ಲ.

ಟೀಚರ್ ನಗುವುದು ನಿಂತ ಮೇಲೆ ಕೀಬೋರ್ಡಿನಲ್ಲಿ ರಾಗವನ್ನು ನುಡಿಸಿ ತೋರಿಸಿದರು. ಮಕ್ಕಳ ಮುಖ ಅರಳಿತು. ಮಕ್ಕಳದ್ದು ಮಾತ್ರವಲ್ಲ, ಪ್ರಿನ್ಸಿಪಾಲರದ್ದೂ. "ಇದು ಎಷ್ಟು ಚಂದ ಉಂಟು! ಅಮ್ಮಾ, ಬೇಸರ ಮಾಡಬೇಡಿ. ಇನ್ನು ದಿನ ಕಡಿಮೆ. ಎಲ್ಲರಿಗೂ ರಾಗವನ್ನೇ ಕಲಿಸಿಬಿಡುವ. ತಂದೆತಾಯಿಗಳಿಗೂ ಅದೇ ಹಿಡಿಸ್ತದೆ."

ಅಮ್ಮ ನೀರಿನ ಬಾಟ್ಲಿಯನ್ನು ಬ್ಯಾಗಿಗೆ ಹಾಕಿದರು, ಛತ್ರಿ ತೆಗೆದುಕೊಂಡರು. ಸಭೆಯಲ್ಲಿ ಬೇಡವಾದದ್ದು, ಪರಂಪರೆ ಎಂದು ಬೋರ್ಡು ಹಾಕಿದ ಶಾಲೆಯಲ್ಲೂ ಬೇಡವಾಗಿತ್ತು.

ತಡೆದದ್ದು ಟೀಚರ್.

"ಕೂತುಕೊಳ್ಳಿ ಅಕ್ಕ. ಸರ್, ನೀವು ಸಣ್ಣವರು, ನಿಮಗೆ ಗೊತ್ತಿಲ್ಲ. ಇವರು ಕೆಳಗೆ ಹಿಡಿದು ಕೊಡುವ ಕಾರಣ ನಾನು ಮೇಲೆ ಕೊನೆಯ ಸ್ವರ ಅಷ್ಟು ಎಳೆಯುವುದು. ಇವರು ಬಿಟ್ಟರೆ ನಾನು ಬೀಳ್ತೇನೆ. ಮಕ್ಕಳನ್ನು ಎರಡು ಪಾಲು ಮಾಡುವ. ಅರ್ಧ ನನಗೆ, ಅರ್ಧ ಇವರಿಗೆ."

ಅಮ್ಮ ಛತ್ರಿ ಕೆಳಗಿಟ್ಟರು. "ಇಷ್ಟು ವರ್ಷ ಒಮ್ಮೆಯೂ ಹೇಳಲಿಲ್ಲ ನೀವು."

"ಹೇಳಿದ್ರೆ ನಿಮ್ಮನ್ನು ಹಿಡಿಯಲಿಕ್ಕೆ ಉಂಟಾ?" ಎಂದರು ಟೀಚರ್.

ಪಾಲು ಮಾಡಿದ ಮೇಲೆ ಹೊಸ ಕಷ್ಟ. ರಾಗ ಒಮ್ಮೆ ಕಿವಿಗೆ ಬಿದ್ದ ಮೇಲೆ ಆಲ್ಟೊದಲ್ಲಿ ನಿಲ್ಲುವುದು ಸುಲಭವಲ್ಲ. ಮೀನುಪೇಟೆಗೆ ಹೋಗಿ ಬದನೆ ತರಬೇಕೆಂದು ಹಟ ಹಿಡಿದ ಹಾಗೆ. ಅಮ್ಮನ ಪಾಲಿನ ಮಕ್ಕಳು ಒಬ್ಬೊಬ್ಬರೇ ಜಾರಿ ರಾಗಕ್ಕೆ ಸೇರಿಕೊಂಡರು. ಗಟ್ಟಿಯಾಗಿ ನಿಂತವಳು ಒಬ್ಬಳೇ ಹುಡುಗಿ. ಕೊಟ್ಟಾರದವಳೇ, ಅಪ್ಪ ಗಲ್ಫಿನಲ್ಲಿ, ಮನೆಯಲ್ಲಿ ಅಮ್ಮ ಮತ್ತು ಅಜ್ಜಿ. ನಮ್ಮ ಸಭೆಯವಳಲ್ಲ, ಯಾವ ಸಭೆಯವಳೂ ಅಲ್ಲ. ಹಿಂದೂಗಳು, ಶನಿವಾರ ಸಂಜೆ ತಪ್ಪದೆ ಭಜನಾ ಮಂದಿರಕ್ಕೆ ಹೋಗುವ ಮನೆ. ಆಸುಪಾಸಿನಲ್ಲಿ ಒಳ್ಳೆಯ ಶಾಲೆ ಎಂದು ಇಲ್ಲಿಗೆ ಹಾಕಿದ್ದರು. ನನ್ನ ಅಮ್ಮ ಹಿಂದೆ ನಿಲ್ಲದಿದ್ದರೂ ಅವಳು ತಾನೇ ಎಡಗಿವಿಗೆ ಕೈ ಒತ್ತಿಕೊಂಡು, ಹುಬ್ಬು ಗಂಟಿಕ್ಕಿ, ಅಲ್ಲಾಡದೆ ಹಾಡುತ್ತಿದ್ದಳು.

ಒಪ್ಪಿಸುವ ಸಂಜೆ ಬಂತು. ಲ್ಯಾಟಿನ್ ಆಯಿತು, ಭಾಷಣ ಆಯಿತು. ನಮ್ಮ ಗೀತೆ ಶುರುವಾಯಿತು. ಮೊದಲ ಚರಣ ಎರಡು ಸ್ವರದಲ್ಲಿ ಸರಿಯಾಗಿಯೇ ಹೋಯಿತು. ಎರಡನೆಯದಕ್ಕೆ ಆಲ್ಟೊ ಸಾಲು ಪೂರ್ತಿ ರಾಗದ ಮನೆಗೆ ಗುಳೆ ಹೋಯಿತು. ತಂದೆತಾಯಿಗಳಿಗೆ ಗೊತ್ತಾಗಲಿಲ್ಲ, ಜೋರಾಗಿ ಚಪ್ಪಾಳೆ ತಟ್ಟಿದರು. ಆದರೆ ಕೊನೆಯವರೆಗೂ ಕೆಳಗೆ ಒಂದು ಸಪೂರ ಸ್ವರ ಇತ್ತು. ಅಮ್ಮ ನನ್ನ ಕೈಯನ್ನು ಉಗುರು ಊರುವ ಹಾಗೆ ಹಿಡಿದಿದ್ದರು.

"ಕೇಳ್ತದಾ? ಅವಳು ಉಂಟು. ಅವಳು ಉಂಟು ಮಾರಾಯ್ತಿ."

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸ್ವಲ್ಪ ದಿನ ಬಿಟ್ಟು ಒಂದು ಮಧ್ಯಾಹ್ನ ಆ ಹುಡುಗಿಯ ಅಜ್ಜಿ ಶಾಲೆಯ ಜಗಲಿಗೆ ಬಂದು ಕೂತರು. ಹುಡುಗಿಯನ್ನು ಪಕ್ಕದಲ್ಲೇ ಹಿಡಿದುಕೊಂಡಿದ್ದರು. ಹಾಡು ಕಲಿಸಿದ ಬಾಯಮ್ಮನನ್ನು ನೋಡಬೇಕಂತೆ. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಊರವರು ಕರೆಯುವುದು ಹಾಗೆ. ಪ್ರಿನ್ಸಿಪಾಲರ ಮುಖ ಬಿಳುಚಿತು. ಕ್ರಿಸ್ತನ ಹಾಡು ಕಲಿಸಿದ್ದಕ್ಕೆ ತಕರಾರು ಬಂತೆಂದು ಅವರೂ ಎಣಿಸಿದರು, ನಾನೂ ಎಣಿಸಿದೆ. ನಾನು ಫೋನ್ ಮಾಡಿ ಅಮ್ಮನನ್ನು ಕರೆಸಿದೆ. ಇಬ್ಬರು ಮುದುಕಿಯರು ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿಕೊಂಡರು.

"ಬಾಯಮ್ಮ, ನೀವು ಇವಳಿಗೆ ಎಂತ ಕಲಿಸಿದ್ದು?"

"ಎಂತ ಆಯಿತು?"

"ಭಜನೆಯಲ್ಲಿ ಎಲ್ಲರೂ ಒಂದು ಹೇಳಿದ್ರೆ ಇವಳು ಬೇರೆ ಒಂದು ಹೇಳ್ತಾಳೆ. ನಾವು ಮೇಲೆ ಹೋದ್ರೆ ಇವಳು ಕೆಳಗೇ ಇರ್ತಾಳೆ. ಕೇಳಿದ್ರೆ, ಅಜ್ಜಿ ನಾನು ಆಲ್ಟೊ ಅಂತಾಳೆ. ನಮ್ಮ ಮನೆಯಲ್ಲಿ ಯಾರೂ ಹಾಗೆ ಇರಲಿಲ್ಲ!"

ಅಮ್ಮನ ಬಾಯಿ ತೆರೆದೇ ಇತ್ತು. "ಭಜನೆಗೆ ನಾನು ಕಲಿಸಲಿಲ್ಲ. ನನಗೆ ಭಜನೆಯೇ ಗೊತ್ತಿಲ್ಲ."

"ಮತ್ತೆ ಇವಳಿಗೆ ಯಾರು ಹೇಳಿಕೊಟ್ಟದ್ದು?"

"ನಾನೇ ಮಾಡಿದ್ದು," ಎಂದಳು ಹುಡುಗಿ. "ಕಿವಿ ಮುಚ್ಚಿದ್ರೆ ಬರ್ತದೆ."

ಅಮ್ಮ ಮೆಲ್ಲಗೆ ಕೇಳಿದರು, "ತಪ್ಪಿ ಹೋಗ್ತಾಳಾ?"

ಅಜ್ಜಿ ಸುಳ್ಳು ಹೇಳುವ ಹೆಂಗಸಲ್ಲ. "ಇಲ್ಲ. ತಪ್ಪುವುದಿಲ್ಲ. ಅದೇ ತೊಂದರೆ. ಕೇಳಲಿಕ್ಕೆ ಒಳ್ಳೆದಾಗ್ತದೆ. ಮೊನ್ನೆ ತಾಳದವ ಕೂಡ ನಿಲ್ಲಿಸಿ ಕೇಳಿದ. ಆದ್ರೆ ಭಜನೆಯಲ್ಲಿ ಹಾಗೆ ಉಂಟಾ?"

ಅಮ್ಮ ಹುಡುಗಿಗೆ ಹಾಡಲು ಹೇಳಿದರು. ಅಜ್ಜಿ ಭಜನೆಯ ಸಾಲು ಎತ್ತಿದರು, ಹುಡುಗಿ ಕೆಳಗೆ ಹಿಡಿದಳು. ಹೆದ್ದಾರಿಯಲ್ಲಿ ಲಾರಿ ಹೋಗುತ್ತಿತ್ತು, ಒಳಗೆ ಲ್ಯಾಟಿನ್ ಬೊಬ್ಬೆ. ಅವೆರಡರ ನಡುವೆ ಆ ಎರಡು ಸ್ವರ ಜಗಲಿಯಲ್ಲಿ ನಿಂತವು. ಅಮ್ಮ ಕಣ್ಣು ಮುಚ್ಚಲಿಲ್ಲ, ಅಳಲಿಲ್ಲ. ಒಂದು ಕಡೆ ಕೈ ಎತ್ತಿ ತಡೆದರು.

"ಅಲ್ಲಿ ಇಳಿಯಬೇಡ. ಅಜ್ಜಿ ಎಲ್ಲಿಗೆ ಬೇಕಾದ್ರೂ ಹೋಗಲಿ, ನೀನು ಅಲ್ಲೇ ಇರು. ಇನ್ನೊಮ್ಮೆ."

ಇನ್ನೊಮ್ಮೆ ಆಯಿತು. ಸರಿಯಾಯಿತು. ಆಗ ಅಮ್ಮ ತನ್ನ ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಕೇಳಿದರು. "ಇವಳು ನಮ್ಮ ಬೆಂಚಿಗೆ ಬರುವುದಿಲ್ಲ ಅಲ್ವಾ?"

"ಬೆಂಚಿಗೆ ಹೇಗೆ ಬರುವುದು ಬಾಯಮ್ಮ? ನಮ್ಮಲ್ಲಿ ಚಾಪೆ."

ಅಮ್ಮ ಹುಡುಕಿದ್ದ ಕಿವಿ ಸಿಕ್ಕಿತ್ತು, ಬೆಂಚು ಮಾತ್ರ ಖಾಲಿಯೇ ಉಳಿಯುವುದಿತ್ತು. ಅಮ್ಮನ ಹೊಟ್ಟೆ ಅಲ್ಲಾಡತೊಡಗಿತು. ನಕ್ಕರು. ಅಜ್ಜಿಯೂ ನಕ್ಕರು. ಹುಡುಗಿ ಇಬ್ಬರನ್ನೂ ಅನುಮಾನದಿಂದ ನೋಡಿದಳು.

"ಹಾಗಾದ್ರೆ ಆಲ್ಟೊ ಬಿಡಿಸಬೇಕಾ ಇವಳಿಗೆ?" ಎಂದರು ಅಮ್ಮ.

"ಬಿಡಿಸುವುದು ಯಾಕೆ? ಇನ್ನಿಬ್ಬರಿಗೆ ಕಲಿಸಿ. ಒಬ್ಬಳೇ ಹೇಳಿದ್ರೆ ಜನ ತಪ್ಪು ಅಂತಾರೆ. ಮೂರು ಜನ ಹೇಳಿದ್ರೆ ಅದು ಕ್ರಮ ಆಗ್ತದೆ."

ಪ್ರಿನ್ಸಿಪಾಲರು ಈ ಮಾತನ್ನು ಕೂಡಲೇ ಮೊಬೈಲಿನಲ್ಲಿ ಬರೆದುಕೊಂಡರು. ಮುಂದಿನ ಮೀಟಿಂಗಿನಲ್ಲಿ ಯಾವುದೋ ಹಳೆಯ ಜ್ಞಾನಿ ಹೇಳಿದ್ದೆಂದು ಬರುವುದು ಖಂಡಿತ.

ಶನಿವಾರ ಮಧ್ಯಾಹ್ನ ಜಗಲಿಯಲ್ಲಿ ಕ್ಲಾಸು ಎಂದು ಮಾತಾಯಿತು. ಸ್ತೋತ್ರದ ಗೀತೆ ಒಂದು, ಭಜನೆ ಒಂದು. ಇನ್ನಿಬ್ಬರು ಎಂದದ್ದಕ್ಕೆ ಹುಡುಗಿ ಐದು ಜನರನ್ನು ಕರೆತಂದಳು. ನಮ್ಮ ಸಭೆಯ ಸಂಡೇ ಸ್ಕೂಲಿನ ಇಬ್ಬರು ಹೆಣ್ಣುಮಕ್ಕಳೂ ಅದರಲ್ಲಿದ್ದರು. ಗೆಳತಿ ಹೋಗುತ್ತಾಳೆಂದು ಬಂದವರು, ದೇವರಿಗಾಗಿ ಅಲ್ಲ. ಅಮ್ಮ ಒಬ್ಬೊಬ್ಬರ ಹಿಂದೆ ಹೋಗಿ ನಿಂತು, ಕಿವಿ ಮುಚ್ಚಿ, ಸ್ವರ ನೋಡಿದರು. ಕೊನೆಯವನು ಮೀಸೆ ಚಿಗುರುತ್ತಿದ್ದ ಒಬ್ಬ ಹುಡುಗ. ಅವನು ಬಾಯಿ ತೆರೆದದ್ದೇ ಅಮ್ಮ ಕೈ ತೆಗೆದರು.

"ಇವ ಆಲ್ಟೊ ಅಲ್ಲ. ಇವ ಟೆನರ್."

"ಮನೆಗೆ ಕಳಿಸುವುದಾ?" ಎಂದೆ.

"ಬಂದವನನ್ನು ಕಳಿಸುವುದಾ? ಡಿಗ್ರಿ ಮಾಡಿ ಇಷ್ಟೇ ಕಲಿತದ್ದಾ ನೀನು? ಫೋನ್ ಕೊಡು ಇಲ್ಲಿ."

ಬಲ್ಮಠದ ಟೀಚರಿಗೆ ಫೋನ್ ಮಾಡಿಸಿಕೊಂಡರು. ಕ್ಷೇಮಸಮಾಚಾರ ಏನೂ ಇಲ್ಲ.

"ಟೀಚರೇ, ನಿಮ್ಮ ಯಜಮಾನರು ಟೆನರ್ ಅಲ್ವಾ? ಶನಿವಾರ ಮಧ್ಯಾಹ್ನ ಎಂತ ಮಾಡ್ತಾರೆ? ಮಲಗುವುದಾ? ಎಬ್ಬಿಸಿ ಕಳಿಸಿ."